ಮೈ ತಿಕ್ಕಿಸಿಕೊಳ್ಳುವ ಮೊದಲು

ಮುಂಬ್ರಾದಲ್ಲಿ ಸಂಸಾರ ಹೂಡಿದವರ ಮೈಯಲ್ಲಿ ಎರಡು ನೋವುಗಳು ಬಾಡಿಗೆ ಕೊಡದೆಯೇ ಬಿಡಾರ ಮಾಡಿಕೊಂಡಿರುತ್ತವೆ. ಒಂದು ಹೆಗಲಿನದು, ಇನ್ನೊಂದು ಮೊಣಕಾಲಿನದು. ಹೆಗಲಿನ ನೋವು ಲೋಕಲ್ ಗಾಡಿಯ ಕೊಡುಗೆ. ಮೊಣಕಾಲಿನದು ಆ ಗಾಡಿಯನ್ನು ಹಿಡಿಯಲು ಹತ್ತಿ ಇಳಿಯಬೇಕಾದ ಸೇತುವೆಯ ಕೊಡುಗೆ. ಬೇರೆ ಊರಿನ ಜನ ಇವನ್ನು ವಯಸ್ಸಾದ ಮೇಲೆ ಸಂಪಾದಿಸಿದರೆ ನಾವು ಸೀಸನ್ ಟಿಕೀಟಿನ ಜೊತೆಯಲ್ಲಿಯೇ ಸಂಪಾದಿಸುತ್ತೇವೆ. ಬೋರಿಬಂದರದಿಂದ ಠಾಣೆಗೆ ಈ ದೇಶದ ಮೊದಲ ಪ್ರಯಾಣಿಕರ ಗಾಡಿ ಓಡಿದ್ದು ೧೮೫೩ನೆಯ ಇಸವಿಯ ಏಪ್ರಿಲ್ ೧೬ರಂದು. ಮರುವರ್ಷವೇ ಹಳಿ ಕಲ್ಯಾಣವನ್ನು ಮುಟ್ಟಿತು. ಆ ಮೊದಲ ಗಾಡಿಯಲ್ಲಿ ಹದಿನಾಲ್ಕು ಡಬ್ಬಿಗಳು, ನಾಲ್ಕು ನೂರು ಅತಿಥಿಗಳು. ಎಲ್ಲರೂ ಕುಳಿತೇ ಹೋದರೆಂದು ಕಾಣುತ್ತದೆ. ನಮ್ಮ ಬೆಳಗಿನ ಗಾಡಿಯ ಒಂದೆರಡು ಡಬ್ಬಿಗಳೇ ಅಷ್ಟು ಮಂದಿಯನ್ನು ನುಂಗಿ ನೀರು ಕುಡಿಯುತ್ತವೆ. ಬೋರಿಬಂದರಕ್ಕೆ ಇಲ್ಲಿಂದ ಸುಮಾರು ೪೦ ಕಿಲೋಮೀಟರು. ಅಷ್ಟು ದೂರವನ್ನು ಒಂದು ಕೈಯನ್ನು ಮೇಲಿನ ಹಿಡಿಗೆ ತೂಗುಹಾಕಿ, ಇನ್ನೊಂದು ಕೈಯಲ್ಲಿ ಊಟದ ಡಬ್ಬಿಯನ್ನು ಎದೆಗವಚಿಕೊಂಡು ಕ್ರಮಿಸುವವನ ಹೆಗಲು ಕಲ್ಲಾಗದೆ ಇನ್ನೇನಾದೀತು?

ಇದು ಬರಿಯ ನಗೆಯ ಮಾತಲ್ಲ. ೨೦೨೫ರ ಜೂನ್ ೯ರ ಬೆಳಿಗ್ಗೆ ನಮ್ಮ ಮುಂಬ್ರಾದ ತಿರುವಿನಲ್ಲಿ ಎದುರುಬದುರು ಹಾಯ್ದ ಎರಡು ಗಾಡಿಗಳ ಬಾಗಿಲುಗಳಲ್ಲಿ ನಿಂತಿದ್ದವರು ಕೆಳಗೆ ಬಿದ್ದು ಪ್ರಾಣ ಕಳೆದುಕೊಂಡ ಸಂಗತಿಯನ್ನು ಈ ಕಡೆಯ ಯಾವ ಮನೆಯೂ ಮರೆತಿಲ್ಲ. ಅಂದಿನಿಂದ, ಮನೆಯ ಮನುಷ್ಯ ಸಂಜೆಗೆ ಹೆಗಲುನೋವನ್ನು ಹೊತ್ತುಕೊಂಡಾದರೂ ಮರಳಿ ಬಂದನಲ್ಲ ಎಂದು ಸಮಾಧಾನಪಟ್ಟುಕೊಳ್ಳುವುದನ್ನು ಕಲಿತಿದ್ದೇವೆ. ಬಂದವನು ಕುರ್ಚಿಗೆ ಒರಗಿ "ಅಯ್ಯೋ, ಹೆಗಲು!" ಎಂದನೋ, ಅಲ್ಲಿಗೆ ಎರಡನೆಯ ಅಧ್ಯಾಯ ಪ್ರಾರಂಭವಾಗುತ್ತದೆ.

ಏಕೆಂದರೆ ಮುಂಬಯಿಯ ಕಡೆ ನೀರಿಗೆ ಹೊತ್ತುಗೊತ್ತು ಇದ್ದರೂ ಸಲಹೆಗೆ ಇಲ್ಲ. ಮೇಲಿನ ಮಹಡಿಯ ಉಡುಪಿಯವರು ಕೊಬ್ಬರಿ ಎಣ್ಣೆಯನ್ನು ಬಿಟ್ಟು ಬೇರೆಯ ದೈವವನ್ನು ನಂಬುವವರಲ್ಲ. ಎದುರು ಮನೆಯ ಕೇರಳದ ದಾದಿ ತನ್ನ ಊರಿನಿಂದ ತರಿಸಿದ ತೈಲದ ಶೀಸೆಯನ್ನು ತೋರಿಸುತ್ತಾಳೆ. ಪಕ್ಕದ ಕಟ್ಟಡದ ಸಾಹೇಬರು ತಮ್ಮ ಹಕೀಮರ ಹೆಸರು ಹೇಳುತ್ತಾರೆ. ಬಿಜಾಪುರದ ಕಡೆಯ ಗೆಳೆಯರು "ತಾಲೀಮಿನ ಪೈಲವಾನನ ಕೈಯಾಗ ಕೊಡ್ರಿ, ಎರಡು ಏಟಿಗೆ ಬಿಡಸ್ತಾನ" ಎಂದು ಧೈರ್ಯ ಕೊಡುತ್ತಾರೆ. ಕ್ಷೌರದ ಅಂಗಡಿಯವನು ಕತ್ತರಿಯನ್ನು ಕೆಳಗಿಟ್ಟು ಕೇಳದೆಯೇ ತಲೆಗೆ ಕೈ ಹಾಕುತ್ತಾನೆ. ಮಗನಂತೂ ಮೊಬೈಲನ್ನು ತೆರೆದು ಠಾಣೆಯ ಯಾವುದೋ ಸ್ಪಾದಲ್ಲಿ ಹನ್ನೆರಡು ದೇಶಗಳ ಹನ್ನೆರಡು ಬಗೆಯ ಮಸಾಜುಗಳ ಪಟ್ಟಿಯನ್ನು ಓದಿ ಹೇಳುತ್ತಾನೆ. ನೋವು ಒಂದು, ಕೈಗಳು ಹತ್ತು. ಯಾವ ಕೈಗೆ ಯಾವ ಮೈಯನ್ನು ಒಪ್ಪಿಸಬೇಕು ಎಂಬುದೇ ಇಲ್ಲಿಯ ಪ್ರಶ್ನೆ. ಈ ಪ್ರಶ್ನೆಗೆ ಸರಿಯಾದ ಉತ್ತರ ಕಂಡುಕೊಂಡರೆ ಸುಖ. ಕೆಲವೊಮ್ಮೆ ಪ್ರಾಣವೂ ಉಳಿದೀತು. ಆದುದರಿಂದಲೇ ಈ ಲೇಖನದ ಸಾಹಸ.

ಮಸಾಜ್ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಹಿರಿಯರಲ್ಲಿ ಕೆಲವರ ಹುಬ್ಬು ಮೇಲೇರುವುದುಂಟು. ಗಾಜಿನ ಬಾಗಿಲು, ಮಬ್ಬು ದೀಪ, ಅರ್ಥವಾಗದ ಬೋರ್ಡು ಇವುಗಳಿಂದಾಗಿ ಆ ಶಬ್ದಕ್ಕೆ ಪೇಟೆಯಲ್ಲಿ ಸ್ವಲ್ಪ ಕೆಟ್ಟ ಹೆಸರು ಅಂಟಿಕೊಂಡಿರುವುದು ನಿಜ. ಆದರೆ ಶಬ್ದ ಹೋದರೆ ಹೋಗಲಿ, ಸಂಗತಿ ನಮ್ಮದೇ. ಕನ್ನಡದಲ್ಲಿ ಈ ಒಂದು ಕೆಲಸಕ್ಕೆ ಇರುವ ಕ್ರಿಯಾಪದಗಳನ್ನು ಎಣಿಸಿ ನೋಡಿ: ನೀವು, ಸವರು, ತೀಡು, ತಿಕ್ಕು, ಉಜ್ಜು, ಒತ್ತು, ಅದುಮು, ಹಿಸುಕು, ನಾದು, ತಟ್ಟು, ಗುದ್ದು. ಇಷ್ಟು ಮಾತುಗಳನ್ನು ಇಟ್ಟುಕೊಂಡಿರುವ ಜನಕ್ಕೆ ಆ ವಿದ್ಯೆ ತಿಳಿಯದೆ ಇದ್ದೀತೇ?

ಹಬ್ಬದ ದಿನದ ಎಣ್ಣೆಯ ಸ್ನಾನವನ್ನು ಬಿಟ್ಟುಕೊಟ್ಟ ಕನ್ನಡಿಗನನ್ನು ನಾವು ಇನ್ನೂ ಕಂಡಿಲ್ಲ. ಯುಗಾದಿಗೆ, ನರಕ ಚತುರ್ದಶಿಗೆ ನೆತ್ತಿಗೆ ಎಣ್ಣೆ ಒತ್ತಿಸಿಕೊಳ್ಳದೆ ನಮಗೆ ಹಬ್ಬ ಬೆಳಗಾಗುವುದಿಲ್ಲ. ಮರಾಠಿ ನೆರೆಯವರಿಗೆ ಉಟಣೆ ಹಚ್ಚಿಕೊಳ್ಳದೆ ದೀಪಾವಳಿ ಬರುವುದಿಲ್ಲ. ಅಷ್ಟಾಂಗಹೃದಯವನ್ನು ಬರೆದ ವಾಗ್ಭಟನು ಅಭ್ಯಂಗವನ್ನು ದಿನಚರಿಯಲ್ಲಿಯೇ ಸೇರಿಸಿ, ತಲೆ, ಕಿವಿ, ಅಂಗಾಲುಗಳನ್ನು ವಿಶೇಷವಾಗಿ ನೋಡಿಕೊಳ್ಳಬೇಕೆಂದು ವಿಧಿಸಿದ್ದಾನೆ. ಅಜೀರ್ಣವಾದವರಿಗೆ, ಕಫ ಕೆರಳಿದವರಿಗೆ ಅದು ಬೇಡವೆಂದು ನಿಷೇಧವನ್ನೂ ಹೇಳಿದ್ದಾನೆ. ಈ ನಿಷೇಧದ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು; ಮುಂದೆ ಅದರ ಕೆಲಸವಿದೆ. ಇನ್ನು ೧೨ನೆಯ ಶತಮಾನದ ಪೂರ್ವಾರ್ಧದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ಸಂಸ್ಕೃತ ಗ್ರಂಥವಾದ ಮಾನಸೋಲ್ಲಾಸದಲ್ಲಿ ಅರಸನ ಉಪಭೋಗಗಳನ್ನು ಎಣಿಸುವಾಗ ಸ್ನಾನಕ್ಕೊಂದು, ಅಂಗಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುವ ಪಾದಾಭ್ಯಂಗಕ್ಕೊಂದು ಪ್ರತ್ಯೇಕ ಪ್ರಕರಣಗಳನ್ನು ಮೀಸಲಿಟ್ಟನು. ಇದನ್ನು ಕೇಳಿ ನಮ್ಮ ಮಕ್ಕಳು ಆ ದೊರೆಯನ್ನು ದಿವಾ, ಡೊಂಬಿವಲಿಗಳ ಆಚೆಯ ಕಲ್ಯಾಣ ಸ್ಟೇಶನ್ನಿನಲ್ಲಿ ಹುಡುಕಬಾರದು. ಆತನದು ಬೀದರ ಜಿಲ್ಲೆಯ ಬಸವಕಲ್ಯಾಣ. ಈ ಕಲ್ಯಾಣದಲ್ಲಿ ಗಾಡಿ ಬದಲಿಸುವವರಿಗೆ ಪಾದದ ನೋವು ಮಾತ್ರ ಪ್ರಾಪ್ತಿ, ಅಭ್ಯಂಗವಿಲ್ಲ.

ಮುಂಬಯಿಗೂ ಈ ವಿದ್ಯೆಯಲ್ಲಿ ತನ್ನದೇ ಆದ ಕೀರ್ತಿಯಿದೆ. ಚೌಪಾಟಿಯ ಮರಳಿನಲ್ಲಿ ಶೀಸೆಗಳನ್ನು ಕಿಣಿಕಿಣಿ ಎನಿಸುತ್ತ ಅಲೆಯುತ್ತಿದ್ದ ಮಾಲೀಶಿನವರನ್ನು ಹಳಬರು ಕಂಡಿದ್ದಾರೆ. ಕಾಣದವರು ೧೯೫೭ರ 'ಪ್ಯಾಸಾ' ಚಿತ್ರದಲ್ಲಿ ಜಾನಿ ವಾಕರನ ಚಂಪಿಯ ಹಾಡನ್ನಾದರೂ ಕೇಳಿದ್ದಾರೆ. ಆ 'ಚಂಪಿ'ಯ ಕಥೆ ಸ್ವಾರಸ್ಯವಾದುದು. ಪಾಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದ್ ಎಂಬಾತ ಇಂಗ್ಲೆಂಡಿಗೆ ಹೋಗಿ, ಬ್ರೈಟನ್ ಎಂಬ ಕಡಲತೀರದ ಊರಿನಲ್ಲಿ ಹಬೆಯ ಸ್ನಾನದ ಮನೆಯನ್ನು ತೆರೆದು, ಅಲ್ಲಿಯ ದೊರೆಗಳಿಗೂ ಮೈ ತಿಕ್ಕಿ ಹೆಸರು ಗಳಿಸಿದನು. ೧೮೨೨ರಲ್ಲಿ ಈ ವಿದ್ಯೆಯ ಮೇಲೆ ಪುಸ್ತಕವನ್ನೂ ಬರೆದನು. ನಮ್ಮ 'ಚಂಪೋ' ಆ ಕಡೆ ಹೋಗಿ 'ಶಾಂಪೂ' ಆಯಿತು. ತಿಕ್ಕುವುದು ಮರೆತುಹೋಗಿ ನೊರೆ ಮಾತ್ರ ಉಳಿಯಿತು. ಆ ನೊರೆಯನ್ನು ಈಗ ಚಿಕ್ಕ ಚಿಕ್ಕ ಪೊಟ್ಟಣಗಳಲ್ಲಿ ನಾವೇ ಕೊಂಡು ತರುತ್ತಿದ್ದೇವೆ. ತವರಿನಿಂದ ಹೋದ ಮಗಳು ಗುರುತು ಸಿಗದಂತೆ ಮರಳಿ ಬಂದ ಹಾಗೆ.

ಇರಲಿ. ಆಯ್ಕೆಯ ವಿಚಾರಕ್ಕೆ ಬರೋಣ.

ಸ್ಪಾಗಳ ಪಟ್ಟಿಯಲ್ಲಿ ಮೊದಲನೆಯ ಹೆಸರಾಗಿ ಕಾಣುವುದು ಸ್ವೀಡಿಶ್ ಮಸಾಜು. ಅದಕ್ಕೆ ಈಗಿನ ಕಟ್ಟುನಿಟ್ಟಾದ ರೂಪವನ್ನು ಕೊಟ್ಟವನು ಸ್ವೀಡನ್ನಿನವನೇ ಅಲ್ಲ. ೧೯ನೆಯ ಶತಮಾನದ ಹಾಲಂಡಿನ ವೈದ್ಯ ಯೋಹಾನ್ ಮೆಟ್ಸ್‌ಗರ್. ಆತ ಕೈಯ ಚಲನೆಗಳನ್ನು ವಿಂಗಡಿಸಿ ಅವಕ್ಕೆ ಫ್ರೆಂಚ್ ಹೆಸರುಗಳನ್ನಿಟ್ಟ. ಆ ಹೆಸರುಗಳನ್ನು ಕೇಳಿ ಗಾಬರಿಯಾಗಬೇಕಾದುದಿಲ್ಲ. ಉದ್ದಕ್ಕೂ ಹಗುರಾಗಿ ಕೈಯಾಡಿಸುವುದು ಒಂದು; ಇದು ನಮ್ಮ ನೀವುವುದು. ಮಾಂಸವನ್ನು ಹಿಡಿದೆತ್ತಿ ಹಿಸುಕುವುದು ಎರಡನೆಯದು, ಇದು ನಾದುವುದು. ಬೆರಳ ತುದಿಯಿಂದ ಒಂದೇ ಕಡೆ ಒತ್ತಿ ಉಜ್ಜುವುದು ಮೂರನೆಯದು, ಇದು ತಿಕ್ಕುವುದು. ಅಂಗೈಯಿಂದ ಲಯವಾಗಿ ಹೊಡೆಯುವುದು ನಾಲ್ಕನೆಯದು, ಇದು ತಟ್ಟುವುದು. ಜೋಳದ ಹಿಟ್ಟನ್ನು ನಾದಿ ರೊಟ್ಟಿ ತಟ್ಟುವ ಯಾವ ಗೃಹಿಣಿಗೂ ಈ ಶಾಸ್ತ್ರದ ಅರ್ಧಭಾಗವನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಅವಳಿಗೆ ಇನ್ನೊಂದು ಗುಟ್ಟೂ ತಿಳಿದಿರುತ್ತದೆ: ಎಲ್ಲ ಹಿಟ್ಟಿಗೂ ಒಂದೇ ಕೈ ಸಲ್ಲದು. ಗೋದಿಯ ಹಿಟ್ಟು ತಾಳುವ ಗುದ್ದನ್ನು ಜೋಳದ ಹಿಟ್ಟು ತಾಳುವುದಿಲ್ಲ. ಮೈಯೂ ಹಾಗೆಯೇ.

ನಮ್ಮ ಪಕ್ಕದ ಸಾಹೇಬರ ಹಕೀಮರೂ ಇದನ್ನೇ ಹೇಳುತ್ತಾರೆ. ಯುನಾನಿ ವೈದ್ಯದಲ್ಲಿ ಮೈ ತಿಕ್ಕುವುದಕ್ಕೆ 'ದಲ್ಕ್' ಎಂದು ಹೆಸರು. ಸಾವಿರ ವರ್ಷಗಳ ಹಿಂದೆ ಇಬ್ನ್ ಸೀನಾ ಎಂಬ ಮಹಾವೈದ್ಯನು ಅದರ ಬಗೆಗಳನ್ನು ವಿಂಗಡಿಸಿದನು. ಗಡುಸಾಗಿ ತಿಕ್ಕಿದರೆ ಮೈ ಬಿಗಿಯುತ್ತದೆ. ಮೆತ್ತಗೆ ತಿಕ್ಕಿದರೆ ಸಡಿಲುತ್ತದೆ. ಬಹಳ ಹೊತ್ತು ತಿಕ್ಕಿದರೆ ಕರಗುತ್ತದೆ. ಹಿತಮಿತವಾಗಿ ತಿಕ್ಕಿದರೆ ತುಂಬಿಕೊಳ್ಳುತ್ತದೆ. ಇದೇ ಅಭಿಪ್ರಾಯವನ್ನು ಅವನಿಗಿಂತ ಮೊದಲು ಗ್ರೀಕರ ಹಿಪಾಕ್ರಟೀಸನೂ ಹೇಳಿದ್ದನು. ಕರಗುವ ಮಾತನ್ನು ನಂಬಿ ಯಾರೂ ಊಟ ಹೆಚ್ಚಿಸಬಾರದು. ತಿಕ್ಕಿಸಿಕೊಂಡು ಬೊಜ್ಜು ಇಳಿಸಿಕೊಂಡವರಿಲ್ಲ, ಇಳಿಯುವುದೇನಿದ್ದರೂ ತಿಕ್ಕಿದವನ ಬೊಜ್ಜು. ಆದರೆ ಗಡುಸು ಬೇರೆ, ಮೆದು ಬೇರೆ, ಹೊತ್ತು ಬೇರೆ, ಮಿತಿ ಬೇರೆ ಎಂಬ ವಿವೇಕ ಇಂದಿಗೂ ಹಳತಾಗಿಲ್ಲ.

ಹಾಗಾದರೆ ಯಾರಿಗೆ ಯಾವುದು? ನಮ್ಮ ಅನುಭವಕ್ಕೂ ಬಲ್ಲ ವೈದ್ಯರ ಮಾತಿಗೂ ತಾಳೆಯಾದಷ್ಟನ್ನು ಇಲ್ಲಿ ಬರೆಯುತ್ತೇವೆ.

ದಣಿವು, ಮನಸ್ಸಿನ ಬಿಗಿ, ನಿದ್ದೆ ಬಾರದಿರುವುದು ಇವೇ ಕಾರಣವಾದರೆ ಬೇಕಾದುದು ನೀವುವ ಕೈ. ಬೆಚ್ಚಗಿನ ಎಳ್ಳೆಣ್ಣೆಯೋ ಕೊಬ್ಬರಿ ಎಣ್ಣೆಯೋ ಸಾಕು. ಸ್ವೀಡಿಶ್ ಎಂದು ಕರೆಯುವುದೂ ಬಹುಮಟ್ಟಿಗೆ ಇದೇ. ಅಂಗಾಲಿಗೆ ಎಣ್ಣೆ ತಿಕ್ಕಿಸಿಕೊಂಡು ಮಲಗುವುದಕ್ಕೆ ಹಣ ಬೇಡ, ಹೊತ್ತು ಗೊತ್ತುಮಾಡಿಸುವುದು ಬೇಡ. ಪಾದದ ಒಂದೊಂದು ಬಿಂದುವೂ ಒಂದೊಂದು ಅಂಗದ ಗುಂಡಿಯೆಂದೂ, ಅದನ್ನು ಒತ್ತಿದರೆ ಪಿತ್ತಕೋಶ ರಿಪೇರಿಯಾಗುತ್ತದೆಂದೂ ಗೋಡೆಯ ಮೇಲೆ ಬಣ್ಣದ ಚಿತ್ರ ತೂಗುಹಾಕಿರುವವರನ್ನು ಮಾತ್ರ ನಂಬಬೇಡಿ. ಅಂಗಾಲು ಒತ್ತಿದರೆ ಅಂಗಾಲಿಗೂ ಮನಸ್ಸಿಗೂ ಹಿತ. ಪಿತ್ತಕೋಶಕ್ಕೆ ಅದರ ಸುದ್ದಿಯೇ ತಲಪುವುದಿಲ್ಲ.

ಗಾಡಿಯಲ್ಲಿ ತೂಗಾಡಿ, ಕಂಪ್ಯೂಟರಿನ ಮುಂದೆ ಬಾಗಿ ಗಂಟುಗಂಟಾದ ಹೆಗಲಿಗೆ, ನಡುವಿಗೆ ಬೇಕಾದುದು ನಾದುವ ಕೈ. ಇದನ್ನು ಬಲ್ಲವರು ಮೊದಲು ನೀವಿ, ಮೈ ಕಾದ ಮೇಲೆ ನಾದಿ, ಕೊನೆಗೆ ಮತ್ತೆ ನೀವಿ ಬಿಡುತ್ತಾರೆ. ಬಂದವರೇ ಗುದ್ದತೊಡಗುವವರು ಅರಿಯದವರು. ನೋವು ಹಿತವಾಗಿರುವವರೆಗೆ ಸರಿ. ಉಸಿರು ಬಿಗಿಹಿಡಿಯುವಂತಾದರೆ ಮಿತಿ ಮೀರಿತೆಂದು ತಿಳಿಯಬೇಕು. ಇನ್ನೊಂದು ಮಾತು: ಇದರಿಂದ ಬರುವ ಸುಖ ಕೆಲವು ದಿನಗಳದು. ನಡುನೋವು ನಿಲ್ಲಬೇಕಾದರೆ ನಡಿಗೆ, ವ್ಯಾಯಾಮಗಳೇ ಬೇಕು. ಮಾಲೀಶು ನೋವಿಗೆ ಕೊಟ್ಟ ರಜೆಯೇ ಹೊರತು ನಿವೃತ್ತಿಯಲ್ಲ.

ಗರಡಿಯ ಕೈ ಗರಡಿಯ ಮೈಗೆ. ಮೈಸೂರಿನ ಜಟ್ಟಿಗಳು ಮಲ್ಲವಿದ್ಯೆಯ ಜೊತೆಗೆ ಮೂಳೆ ಕೂಡಿಸುವುದರಲ್ಲಿಯೂ ಮೈ ತಿಕ್ಕುವುದರಲ್ಲಿಯೂ ಹೆಸರಾದವರು. ಬೆಳಗಾವಿ, ಕೊಲ್ಲಾಪುರಗಳ ತಾಲೀಮುಗಳಲ್ಲಿಯೂ ಈ ವಿದ್ಯೆ ಬೆಳೆಯಿತು. ಆದರೆ ದಿನಕ್ಕೆ ಸಾವಿರ ಬೈಠಕು ಹೊಡೆಯುವವನ ತೊಡೆಗೆ ಒಗ್ಗುವ ಏಟು ದಿನವಿಡೀ ಕುರ್ಚಿಯಲ್ಲಿ ಕುಳಿತವನ ತೊಡೆಗೆ ಒಗ್ಗದು. ಕೇರಳದ ತೈಲಚಿಕಿತ್ಸೆ ಬೇಕಾದವರು ಕಲಿತ ಆಯುರ್ವೇದ ವೈದ್ಯರ ಕಣ್ಣೆದುರಿಗೇ ಮಾಡಿಸಿಕೊಳ್ಳುವುದು ಲೇಸು. ಥಾಯಿ ಪದ್ಧತಿಯಲ್ಲಿ ಎಣ್ಣೆಯಿಲ್ಲ. ಬಟ್ಟೆ ತೊಟ್ಟವರ ಕೈಕಾಲುಗಳನ್ನು ಎಳೆದು, ಮಡಿಸಿ, ಒತ್ತುತ್ತಾರೆ. ಯುನೆಸ್ಕೋ ಸಂಸ್ಥೆ ೨೦೧೯ರಲ್ಲಿ ಅದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಮೈ ಬಳುಕುವ ಪ್ರಾಯದವರಿಗೆ ಅದು ಚೆನ್ನ. ಸವೆದ ಕೀಲುಗಳವರಿಗೆ ಅಲ್ಲ. ಇನ್ನು ಅಪಘಾತವೋ ಪಾರ್ಶ್ವವಾಯುವೋ ಆಗಿ ಕೈಕಾಲು ಸ್ವಾಧೀನ ತಪ್ಪಿದವರಿಗೆ ಬೇಕಾದುದು ಮಾಲೀಶಿನವನಲ್ಲ, ಫಿಜಿಯೋಥೆರಪಿ ಕಲಿತವರು. ಈ ಶಿಕ್ಷಣ ನಮ್ಮ ದೇಶದಲ್ಲಿ ಬೇರೂರಿದ್ದು ನಮ್ಮ ಮುಂಬಯಿಯಲ್ಲಿಯೇ. ೧೯೫೩ರಲ್ಲಿ ಪರೇಲಿನ ಕೆ. ಇ. ಎಂ. ಆಸ್ಪತ್ರೆಯಲ್ಲಿ ಅದರ ಶಾಲೆ ಪ್ರಾರಂಭವಾಯಿತು.

ಎಳೆಯ ಕೂಸಿನ ಮಾತು ಬೇರೆಯೇ. ಫ್ರಾನ್ಸಿನ ಹೆರಿಗೆಯ ವೈದ್ಯ ಲೆಬೋಯೆ ಎಂಬಾತ ಕಲ್ಕತ್ತೆಯಲ್ಲಿ ಒಬ್ಬ ತಾಯಿ ಕಾಲು ನೀಡಿ ಕುಳಿತು ಮಗುವಿಗೆ ಎಣ್ಣೆ ತಿಕ್ಕುವುದನ್ನು ಕಂಡು ಬೆರಗಾಗಿ, ೧೯೭೬ರಲ್ಲಿ ಅದರ ಮೇಲೆ ಪುಸ್ತಕ ಬರೆದು, ಅದಕ್ಕೆ ಆಕೆಯ ಹೆಸರನ್ನೇ ಇಟ್ಟನು: ಶಾಂತಲಾ. ನಮಗೆ ಹೊಯ್ಸಳರ ರಾಣಿಯನ್ನು ನೆನಪಿಗೆ ತರುವ ಈ ಹೆಸರಿನಿಂದಲೇ ಯುರೋಪಿನ ಎಷ್ಟೋ ತಾಯಂದಿರು ಇಂದು ಶಿಶುಮರ್ದನವನ್ನು ಗುರುತಿಸುತ್ತಾರೆ. ಆದರೆ ನಮ್ಮ ಮನೆಗಳಲ್ಲಿ ರೂಢಿಯಾಗಿರುವ ಎರಡು ಸಂಗತಿಗಳನ್ನು ಮಕ್ಕಳ ವೈದ್ಯರು ಖಂಡಿತವಾಗಿ ಬೇಡವೆನ್ನುತ್ತಾರೆ. ಕೂಸಿನ ಮೂಗಿಗೆ, ಕಿವಿಗೆ ಎಣ್ಣೆ ಬಿಡಬಾರದು. ಮೂಗಿಗೆ ಬಿಟ್ಟದ್ದು ಪುಪ್ಪುಸಕ್ಕೆ ಇಳಿದರೆ ಉಸಿರಿಗೇ ಸಂಚಕಾರ. ಹುಟ್ಟಿದ ಕೂಸಿನ ಎದೆಯನ್ನು ಹಿಂಡಿ ಹಾಲು ತೆಗೆಯಬಾರದು. ಅಲ್ಲಿ ಬಾವು ಕೀವಾಗುತ್ತದೆ. ಹಳೆಯದರಲ್ಲಿ ಉಳಿಸಿಕೊಳ್ಳತಕ್ಕದ್ದು ಕೈಯ ಮೃದುತ್ವ. ಬಿಡತಕ್ಕದ್ದು ಈ ಎರಡು.

ಈಗ ವಾಗ್ಭಟನ ನಿಷೇಧದ ಕಡೆಗೆ ಬರಬೇಕು. ಯಾವ ಮಾಲೀಶು ಬೇಕೆಂದು ಕೇಳುವವರು ಬಹಳ. ಮಾಲೀಶು ಬೇಕೇ ಎಂದು ಕೇಳುವವರು ಕಡಮೆ. ಕ್ಷೌರದ ಅಂಗಡಿಯಲ್ಲಿ ತಲೆಯನ್ನು ತಟ್ಟಿದ ಮೇಲೆ ಕತ್ತನ್ನು ಹಿಡಿದು 'ಕಟಕ್' ಎಂದು ತಿರುಚುವ ಒಂದು ಪದ್ಧತಿಯಿದೆ. ೨೦೨೪ರಲ್ಲಿ ಬೆಂಗಳೂರಿನ ವೈದ್ಯರು ಬಳ್ಳಾರಿಯ ಕಡೆಯ ಒಬ್ಬ ತರುಣನಿಗೆ ಚಿಕಿತ್ಸೆ ಮಾಡಬೇಕಾಯಿತು. ಹೀಗೆ ತಿರುಚಿದಾಗ ಕತ್ತಿನೊಳಗಿನ ರಕ್ತನಾಳದ ಒಳಪದರ ಹರಿದು ಆತನಿಗೆ ಪಾರ್ಶ್ವವಾಯುವಿನ ಆಘಾತವಾಗಿತ್ತು. ವಯಸ್ಸು ಮೂವತ್ತರ ಸುಮಾರು. ಹಣ ಕೊಡದೆ ಸಿಕ್ಕ ತಲೆಮಾಲೀಶು ಅದು. ಆದುದರಿಂದ ಅಂಗಡಿಯ ಕುರ್ಚಿಯಲ್ಲಿ ಕೂಡುವಾಗಲೇ "ಕತ್ತು ಮುಟ್ಟಬೇಡ" ಎಂದು ಹೇಳುವುದನ್ನು ರೂಢಿ ಮಾಡಿಕೊಳ್ಳಿರಿ. ಹೇಳಲು ಸಂಕೋಚವೇಕೆ? ಕತ್ತು ನಮ್ಮದು.

ಎರಡನೆಯದು ಇನ್ನೂ ಸೂಕ್ಷ್ಮವಾದುದು. ನಮ್ಮ ಮನೆಯ ಬಾಗಿಲಿಗೇ ಬಂದುದು.

ಎರಡು ವರ್ಷಗಳ ಹಿಂದೆ ನಮ್ಮ ಚಿಕ್ಕಮ್ಮ ಗದಗಿನಿಂದ ಬಂದರು. ಪ್ರಾಯ ಎಪ್ಪತ್ತೆರಡು. ರಾತ್ರಿಯಿಡೀ ಗಾಡಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ಬಂದವರು ಮರುದಿನ "ಎಡಗಾಲು ಹಿಡಿದೈತಿ" ಎಂದರು. ನೋಡಿದರೆ ಮೀನಖಂಡ ಊದಿತ್ತು. ಬಲಗಾಲು ಎಂದಿನಂತೆಯೇ ಇತ್ತು. ಸುದ್ದಿ ಹಬ್ಬಿತು. ಒಬ್ಬರು ಸಾಸಿವೆ ಎಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿಕೊಂಡೇ ಬಂದರು. ಇನ್ನೊಬ್ಬರು ಮಾಲೀಶಿನವಳಿಗೆ ಫೋನು ಮಾಡಿದರು. ಎಲ್ಲರದೂ ಪ್ರೀತಿಯೇ, ಅದರಲ್ಲಿ ಸಂದೇಹವಿಲ್ಲ. ಅಷ್ಟರಲ್ಲಿ ರಾತ್ರಿಯ ಪಾಳಿ ಮುಗಿಸಿಕೊಂಡು ಬಂದ ಎದುರು ಮನೆಯ ದಾದಿ ಚೀಲವನ್ನು ಕೆಳಗಿಡದೆ ಒಳಗೆ ಬಂದು, ಎರಡೂ ಕಾಲುಗಳನ್ನು ಅಂಗೈಯ ಬೆನ್ನಿನಿಂದ ಮುಟ್ಟಿ ನೋಡಿ, "ಇದು ಬಿಸಿ, ಅದು ತಣ್ಣಗೆ. ಯಾರೂ ತಿಕ್ಕಬೇಡಿ, ಡಾಕ್ಟರ ಹತ್ತಿರ ಹೋಗೋಣ" ಎಂದಳು. ಎಣ್ಣೆಯ ಬಟ್ಟಲು ಅಲ್ಲಿಯೇ ಆರಿತು.

ಆಸ್ಪತ್ರೆಯಲ್ಲಿ ಕಾಲಿನ ಡಾಪ್ಲರ್ ಪರೀಕ್ಷೆ ಮಾಡಿದರು. ಒಳಗಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬಹಳ ಹೊತ್ತು ಅಲುಗಾಡದೆ ಕುಳಿತರೆ, ಕಾಲಿಗೆ ಪ್ಲಾಸ್ಟರು ಹಾಕಿ ಮಲಗಿದರೆ, ದೊಡ್ಡ ಶಸ್ತ್ರಕ್ರಿಯೆಯ ಮೇಲೆ, ಹೆರಿಗೆಯ ಮೇಲೆ ಹೀಗೆ ಹೆಪ್ಪುಗಟ್ಟುವುದುಂಟಂತೆ. ಹಾಗೆ ಗಟ್ಟಿಯಾದದ್ದನ್ನು ತಿಕ್ಕಿದರೆ ಅದು ಕಳಚಿಕೊಂಡು ರಕ್ತದೊಡನೆ ಹೃದಯವನ್ನು ದಾಟಿ ಪುಪ್ಪುಸದ ನಾಳಕ್ಕೆ ಹೋಗಿ ಸಿಕ್ಕಿಕೊಳ್ಳಬಹುದು, ಆಮೇಲೆ ಮಾತಿಲ್ಲ. ೨೦೧೬ರಲ್ಲಿ ದೆಹಲಿಯಲ್ಲಿ ಇದೇ ಆಯಿತು. ಆಟದಲ್ಲಿ ಕಾಲು ಮುರಿದುಕೊಂಡು ಪ್ಲಾಸ್ಟರಿನಲ್ಲಿದ್ದ ತರುಣನ ಕಾಲು ಪ್ಲಾಸ್ಟರು ತೆಗೆದ ಮೇಲೂ ನೋಯುತ್ತಿತ್ತು. ತಾಯಿ ಎಣ್ಣೆ ಹಚ್ಚಿ ತಿಕ್ಕಿದಳು. ಮಗ ಉಳಿಯಲಿಲ್ಲ. ಈ ಸಂಗತಿಯನ್ನು ಅಲ್ಲಿಯ ವೈದ್ಯರು ಇತರರಿಗೆ ಎಚ್ಚರಿಕೆಯಾಗಲೆಂದು ಪ್ರಕಟಿಸಿದರು. ಆ ತಾಯಿಯನ್ನು ನೆನೆದಾಗ ನಮಗೆ ಕೈಯಾಡುವುದಿಲ್ಲ. ಆಕೆ ಮಾಡಿದ್ದು ನಮ್ಮ ನಿಮ್ಮ ಮನೆಗಳ ಯಾವ ತಾಯಿಯಾದರೂ ಮಾಡುವಂಥದೇ. ಪ್ರೀತಿಗೆ ಕೈಯುಂಟು, ಆದರೆ ಒಳಗಿರುವುದನ್ನು ಕಾಣುವ ಕಣ್ಣಿಲ್ಲ.

ಚಿಕ್ಕಮ್ಮ ಗುಣವಾದರು. ರಕ್ತ ತೆಳುವಾಗಿಡುವ ಮಾತ್ರೆಗಳನ್ನು ಆರು ತಿಂಗಳು ತೆಗೆದುಕೊಳ್ಳಬೇಕಾಯಿತು. ಆ ಮಾತ್ರೆ ನುಂಗುವವರೆಗೆ ಗಡುಸಾಗಿ ಯಾರೂ ಮೈ ತಿಕ್ಕಬಾರದೆಂದೂ ಅಪ್ಪಣೆಯಾಯಿತು. ತಿಕ್ಕಿದಲ್ಲಿ ಒಳಗೊಳಗೇ ರಕ್ತ ಸೋರಿ ಕಪ್ಪಗಾಗುತ್ತದೆ. ಎಲ್ಲ ಮುಗಿದ ಮೇಲೆ ಡಾಕ್ಟರು "ಇನ್ನು ಎಂದಿನಂತೆ ಇರಬಹುದು" ಎಂದರು. ಅಂದು ಸಂಜೆ ಚಿಕ್ಕಮ್ಮ ಮೆಲ್ಲಗೆ ಕೇಳಿದರು: "ಹಂಗಾದ್ರ ನಾಳೆ ಎಣ್ಣಿ ಹಚಗೊಂಡು ಎರಕೊಳ್ಳಲೇನು?"

ನಾವು ಆ ಮಾತನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಾದೆವು. ಈಕೆ ತನ್ನ ಮಕ್ಕಳಿಗೆ, ನಾದಿನಿಯರ ಮಕ್ಕಳಿಗೆ, ಓಣಿಯ ಬಾಣಂತಿಯರಿಗೆ ಎಣ್ಣೆ ಹಚ್ಚಿ ನೀರೆರೆದವರು. ಚಿಕ್ಕವರಿದ್ದಾಗ ರಜೆಗೆ ಹೋದ ನಮ್ಮನ್ನೂ ಸಾಲಾಗಿ ಕೂಡ್ರಿಸಿಕೊಂಡು ತಲೆ ತಟ್ಟಿದವರು. ಚಿಕ್ಕಪ್ಪ ತೀರಿಕೊಂಡು ಹನ್ನೊಂದು ವರ್ಷ. ಮಕ್ಕಳು ಒಬ್ಬರು ಪುಣೆ, ಒಬ್ಬರು ದುಬಾಯಿ. ಹಾಗಾದರೆ ಈಕೆಯ ಬೆನ್ನಿಗೆ ಎಣ್ಣೆ ಹಚ್ಚಿದವರು ಯಾರು? ತನ್ನ ಕೈ ತನ್ನ ಬೆನ್ನನ್ನು ಮುಟ್ಟದು. ಕೇಳಿದರೆ, "ಬೆನ್ನಿಗೆ ಯಾರು ಹಚ್ತಾರ, ಹಂಗ ಎರಕೋತೇನಿ" ಎಂದರು, ಮಳೆ ಬಂದಿತೆಂದು ಹೇಳುವಷ್ಟು ಸಹಜವಾಗಿ.

ಮರುದಿನ ರವಿವಾರ. ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಸರಿಯಾಗಿ ನಮ್ಮ ಮನೆಯವರೂ ಮಗಳೂ ಸೇರಿ ಆಕೆಯನ್ನು ಮಣೆಯ ಮೇಲೆ ಕೂಡ್ರಿಸಿ ಎಣ್ಣೆ ಹಚ್ಚಿದರು. ಮಗಳು ಹುಟ್ಟಿದ್ದು ಠಾಣೆಯಲ್ಲಿ, ಓದಿದ್ದು ಇಂಗ್ಲಿಷಿನಲ್ಲಿ. ಚಿಕ್ಕಮ್ಮನ ಕನ್ನಡ ಅವಳಿಗೆ ಅರ್ಧ ತಿಳಿಯುತ್ತದೆ, ಅವಳ ಕನ್ನಡ ಚಿಕ್ಕಮ್ಮನಿಗೆ ಅರ್ಧ ತಿಳಿಯುತ್ತದೆ. ಹೊರಗೆ ಕುಳಿತ ನಮಗೆ ಕೇಳಿಸಿದ್ದು ಇಷ್ಟೇ: "ಅಲ್ಲಲ್ಲ, ತಿಕ್ಕಬ್ಯಾಡ, ನೀವು. ಹಾಂ, ಹಂಗ." ಮಗಳು ಗಾಬರಿಯಾಗಿ "ನಾನೇನೂ ಮಾಡಲಿಲ್ಲವಲ್ಲ, 'ನೀವು' ಎಂದು ಯಾಕೆ ಬಹುವಚನ?" ಎಂದು ಕೇಳಿದಳು. ಚಿಕ್ಕಮ್ಮ ನಕ್ಕ ನಗೆ ಬಾಗಿಲಾಚೆಗೂ ಕೇಳಿಸಿತು. ಆಮೇಲೆ ಅವಳ ಕೈಯನ್ನು ಹಿಡಿದು ತಮ್ಮ ತೋಳಿನ ಮೇಲೆ ಎಳೆದು 'ನೀವು' ಎಂದರೆ ಏನೆಂದು ತೋರಿಸಿದರಂತೆ. ಅಂದು ಒಂದು ಕ್ರಿಯಾಪದ ಎರಡು ತಲೆಮಾರುಗಳನ್ನು ದಾಟಿ ಮುಂಬ್ರಾಕ್ಕೆ ಬಂದು ತಲಪಿತು.

ವಾಚಕರ ಅನುಕೂಲಕ್ಕಾಗಿ ಹೇಳಬೇಕಾದುದನ್ನು ಒಟ್ಟುಗೂಡಿಸಿ ಹೇಳಿಬಿಡುತ್ತೇವೆ. ಜ್ವರವಿದ್ದಾಗ, ಗಾಯ, ಹುಣ್ಣು, ಕೀವು ಇರುವಲ್ಲಿ ತಿಕ್ಕಿಸಬೇಡಿರಿ. ಕಾಲು ಉಳುಕಿದ ಮೊದಲ ಎರಡು ಮೂರು ದಿನ ಬಿಸಿಯೂ ಬೇಡ, ಮಾಲೀಶೂ ಬೇಡ. ತಣ್ಣೀರಿನ ಪಟ್ಟಿ, ವಿಶ್ರಾಂತಿ ಸಾಕು. ಮೂಳೆ ಮುರಿದ ಅನುಮಾನವಿದ್ದರೆ ಮೊದಲು ಎಕ್ಸ್‌ರೇ. ಒಂದೇ ಕಾಲು ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಅದನ್ನು ಮುಟ್ಟದೆ ಅಂದೇ ವೈದ್ಯರಲ್ಲಿಗೆ ಹೋಗಿರಿ. ಜೊತೆಗೆ ಉಸಿರು ಕಟ್ಟಿದರೆ ಒಂದು ಗಳಿಗೆಯೂ ತಡಮಾಡದಿರಿ. ಸಕ್ಕರೆಯ ಕಾಯಿಲೆಯಿಂದ ಪಾದ ಜೋಮುಹಿಡಿದವರಿಗೆ ಎಣ್ಣೆಯ ಬಿಸಿ ತಿಳಿಯುವುದಿಲ್ಲ. ಹಚ್ಚುವವರು ತಮ್ಮ ಕೈಗೆ ಮೊದಲು ಹಾಕಿ ನೋಡಬೇಕು. ಗರ್ಭಿಣಿಯರು, ಮೂಳೆ ಸವೆದವರು, ಅರ್ಬುದ ರೋಗಕ್ಕೆ ಚಿಕಿತ್ಸೆ ಪಡೆಯುತ್ತಿರುವವರು, ರಕ್ತ ತೆಳುವಾಗಿಸುವ ಮಾತ್ರೆಯವರು ಮೊದಲು ವೈದ್ಯರನ್ನು ಕೇಳಬೇಕು. ಹೊರಗೆ ಹೋಗಿ ಮಾಡಿಸಿಕೊಳ್ಳುವವರು ದರವನ್ನು ಮೊದಲೇ ಕೇಳಬೇಕು. ಮಾಡುವವರು ಎಲ್ಲಿ ಕಲಿತರೆಂದೂ ಕೇಳಬೇಕು. ಎಲ್ಲಿಯವರೆಗೆ ಮುಟ್ಟಬಹುದು, ಎಲ್ಲಿ ಬೇಡ ಎಂಬುದನ್ನು ಬಾಯಿಬಿಟ್ಟು ಹೇಳಬೇಕು. ನಿಮ್ಮ ಕಾಯಿಲೆ ಏನೆಂದು ಒಂದು ಮಾತೂ ಕೇಳದೆ ಕೈ ಹಚ್ಚುವವರು ಎಷ್ಟೇ ಹೆಸರುವಾಸಿಯಾಗಿರಲಿ, ಅವರಿಗೆ ದೂರದಿಂದ ನಮಸ್ಕಾರ ಮಾಡಿ ಬರುವುದು ಒಳ್ಳೆಯದು. ಕಲಿತ ಕೈಯ ಮೊದಲ ಲಕ್ಷಣ ಪ್ರಶ್ನೆ.

ಇವಿಷ್ಟನ್ನು ವೈದ್ಯರೂ ಹೇಳಿಯಾರು. ಅವರು ಬರೆದುಕೊಡದ ಇನ್ನೊಂದು ಚೀಟಿಯಿದೆ. ಊರು ಬಿಟ್ಟು ಬಂದ ನಾವು ಅಪ್ಪ ಅಮ್ಮಂದಿರನ್ನು ಫೋನಿನಲ್ಲಿ ದಿನಕ್ಕೆ ಎರಡು ಸಲ ನೋಡುತ್ತೇವೆ, ಮಾತಾಡಿಸುತ್ತೇವೆ, ಔಷಧಿಗೆ ಹಣ ಕಳಿಸುತ್ತೇವೆ. ಎಲ್ಲವೂ ಆ ಯಂತ್ರದಲ್ಲಿ ಹಾಯುತ್ತದೆ, ಕೈಯೊಂದನ್ನು ಬಿಟ್ಟು. ವರುಷಗಟ್ಟಲೆ ಯಾರೂ ಬೆನ್ನು ಮುಟ್ಟದ ಹಿರಿಯರು ನಮ್ಮ ಊರುಗಳ ಒಂದೊಂದು ಓಣಿಯಲ್ಲಿಯೂ ಇದ್ದಾರೆ. ಈ ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ನಮ್ಮ ಫ್ಲ್ಯಾಟುಗಳ ಒಳಕೋಣೆಗಳಲ್ಲಿಯೂ ಇದ್ದಾರೆ. ಅವರಿಗೆ ಸ್ವೀಡಿಶ್ ಬೇಕೋ ಥಾಯಿ ಬೇಕೋ ಎಂದು ಕೇಳಬೇಕಾಗಿಲ್ಲ. ಬರುವ ದೀಪಾವಳಿಗೆ ಊರಿಗೆ ಹೋಗುವವರು ಪೇಡೆಯ ಡಬ್ಬಿಯ ಜೊತೆಗೆ ಅರ್ಧ ಗಂಟೆ ಬಿಡುವನ್ನೂ ಕಟ್ಟಿಕೊಂಡು ಹೋಗಿರಿ. ಕಾಲೆರಡೂ ಸಮನಾಗಿವೆಯೇ ಎಂದು ಮೊದಲು ನೋಡಿ, ಎಣ್ಣೆಯನ್ನು ಬೆಚ್ಚಗೆ ಮಾಡಿ, ಹಗುರವಾಗಿ ನೀವಿ. ಇದಕ್ಕೆ ತರಬೇತಿ ಬೇಡ. ಎಷ್ಟು ಒತ್ತಬೇಕೆಂಬುದನ್ನು ಅವರೇ ಹೇಳಿಕೊಡುತ್ತಾರೆ.